ಬೇಟೆಗಾರರ ಕೋಳಿ: ಕೆಂಪೋ, ಬಿಳಿಯೋ?

"ಪೊಲ್ಲೊ ಅಲ್ಲ ಕಚ್ಚತೋರ." ರೋಮ್‌ಗೆ ಬಂದ ಹೊಸದರಲ್ಲಿ ಹೋಟೆಲ್ಲಿನ ಮೆನುವಿನಲ್ಲಿ ಇದನ್ನು ಓದಿ ನಮ್ಮವರು ಕೇಳಿದ್ದರು: "ಪೊಲ್ಲೊ ಅಂದ್ರೆ ಕೋಳಿ ಅಲ್ವಾ? ಪೊಲ್ಲೊ ಅಲ್ಲ ಅಂದ್ಮೇಲೆ ಇನ್ನೇನು ಕೊಡ್ತಾರೆ?" ಕೊಟ್ಟಿದ್ದು ಕೋಳಿಯನ್ನೇ. ಬೇಟೆಗಾರರು ಮಾಡುವ ಥರ ಮಾಡಿದ ಕೋಳಿ ಅಂತ ಅರ್ಥ. ಮೊಲವನ್ನೂ ಇಲ್ಲಿ ಹೀಗೇ ಬೇಯಿಸುತ್ತಾರೆ.

ಆ ಬೇಟೆಗಾರರು ಯಾವ ಊರಿನವರು ಅನ್ನುವುದೇ ಜಗಳ. ನಮ್ಮ ಕೆಳಗಿನ ಮನೆಯವರು ತೊಸ್ಕಾನಾ ಕಡೆಯವರು. ಅವರ ಪ್ರಕಾರ ಇದು ಕೆಂಪಗಿರಬೇಕು, ಟೊಮೆಟೊ ಮತ್ತು ಕೆಂಪು ವೈನ್ ಬೇಕೇ ಬೇಕು. ಮೇಲಿನ ಮನೆ ಅಜ್ಜಿ ರೋಮ್ ಪಕ್ಕದ ಗುಡ್ಡಗಾಡು, ಕಾಸ್ತೆಲ್ಲಿ ರೊಮಾನಿಯವರು. ಟೊಮೆಟೊ ಹೆಸರೆತ್ತಿದರೆ ಅವರಿಗೆ ಸಿಟ್ಟು. "ಅದು ಟೊಮೆಟೊ ಸಾರಮ್ಮಾ, ಕೋಳಿ ಎಲ್ಲಿ ಅದರಲ್ಲಿ?" ಅನ್ನುತ್ತಾರೆ. ಮಧ್ಯದ ಮಹಡಿಯಲ್ಲಿರುವ ನಾನು ಇಬ್ಬರಿಗೂ ಹೂಂಗುಟ್ಟಿ ಸಾಕಾಗಿ, ಎರಡನ್ನೂ ಮಾಡಿಯೇ ನೋಡೋಣ ಅಂತ ಹೊರಟೆ. ಆಮೇಲೆ ಅದಕ್ಕೆ ಮೂರನೆಯದೂ ಸೇರಿಕೊಂಡಿತು.

ಪ್ರತಿ ಸಲವೂ ತೆಸ್ತಾಚ್ಚೊ ಮಾರ್ಕೆಟ್ಟಿನ ಒಂದೇ ಅಂಗಡಿಯ ಕೋಳಿ, ಸುಮಾರು 1.2 ಕೆಜಿ, ಚರ್ಮ ಮೂಳೆ ಸಮೇತ ಹತ್ತು ತುಂಡು. ಅದೇ ಅಗಲವಾದ ದಪ್ಪ ತಳದ ಸ್ಟೀಲ್ ಪಾತ್ರೆ. ಅಲ್ಯುಮಿನಿಯಂ ಬಳಸಲಿಲ್ಲ. ವೈನ್, ವಿನೆಗರ್, ಟೊಮೆಟೊ ಮೂರೂ ಹುಳಿ. ಅಲ್ಯುಮಿನಿಯಂನಲ್ಲಿ ಮುಕ್ಕಾಲು ಗಂಟೆ ಕುದಿಸಿದರೆ ಲೋಹದ ರುಚಿ ಬರುತ್ತದೆ.

ಮೊದಲು ಕೆಂಪು. ಉಪ್ಪು, ಮೆಣಸಿನಪುಡಿ ಅಂದರೆ ಕರಿಮೆಣಸಿನದು, ಸವರಿದ ಕೋಳಿಯನ್ನು ಆಲಿವ್ ಎಣ್ಣೆಯಲ್ಲಿ ಚರ್ಮದ ಕಡೆ ಕೆಳಗೆ ಮಾಡಿ ಇಟ್ಟೆ. ಎಂಟು ಹತ್ತು ನಿಮಿಷ ಮುಟ್ಟಲಿಲ್ಲ. ಇದು ನನಗೆ ಕಷ್ಟದ ಕೆಲಸ. ನಮ್ಮ ಕೈಗೆ ಸೌಟು ಆಡಿಸುತ್ತಲೇ ಇರುವ ಅಭ್ಯಾಸ. ಆದರೆ ಆಡಿಸಿದರೆ ಚರ್ಮ ಹರಿದು ತಳಕ್ಕೆ ಅಂಟುತ್ತದೆ. ಚೆನ್ನಾಗಿ ಕೆಂಪಾದ ಮೇಲೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಅದನ್ನು ತೆಗೆದಿಟ್ಟು ಅದೇ ಎಣ್ಣೆಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿ ದಂಟು ಹಾಕಿದೆ. ಇದಕ್ಕೆ ಸೊಫ್ರಿತ್ತೊ ಅನ್ನುತ್ತಾರೆ. ನಮ್ಮ ಒಗ್ಗರಣೆಯ ಅವಸರ ಇದಕ್ಕಿಲ್ಲ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಕು. ಆಮೇಲೆ ಒಂದು ಲೋಟ ಕ್ಯಾಂತಿ ವೈನ್. ತಳಕ್ಕೆ ಹಿಡಿದದ್ದನ್ನೆಲ್ಲ ಕೆರೆದು, ವೈನಿನ ಘಾಟು ಹೋಗುವವರೆಗೆ ಮುಚ್ಚಳ ಹಾಕದೆ ಕುದಿಸಿ, 400 ಗ್ರಾಂ ಡಬ್ಬಿಯ ಸಿಪ್ಪೆ ಸುಲಿದ ಟೊಮೆಟೊ, ರೋಸ್‌ಮೆರಿ, ಒಂದು ಪಲಾವ್ ಎಲೆ. ಕೋಳಿ ವಾಪಸ್ ಹಾಕಿ ನಲವತ್ತು ನಿಮಿಷ.

ರುಚಿಗೆ ಮೋಸವಿಲ್ಲ. ಮಗ ಎರಡು ಸಲ ಬಡಿಸಿಕೊಂಡ. ತೊಸ್ಕಾನಾದ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಬರೀ ತಿಂದರೆ ಸಪ್ಪೆ. ಈ ರಸದಲ್ಲಿ ಅದ್ದಿದಾಗ ಮಾತ್ರ ಅದು ಯಾಕೆ ಹಾಗಿದೆ ಅಂತ ನಾಲಿಗೆಗೆ ಗೊತ್ತಾಯಿತು. ಆದರೂ ಅಜ್ಜಿಯ ಮಾತು ಪೂರ್ತಿ ಸುಳ್ಳಲ್ಲ. ಕಷ್ಟಪಟ್ಟು ಕೆಂಪಗೆ ಹುರಿದ ಚರ್ಮ ಟೊಮೆಟೊದಲ್ಲಿ ಮುಳುಗಿ ಮೆತ್ತಗಾಗಿತ್ತು. ಕಣ್ಣು ಮುಚ್ಚಿ ತಿಂದರೆ ಮೊದಲು ಸಿಗುವುದು ಟೊಮೆಟೊ, ಆಮೇಲೆ ವೈನ್. ಕೋಳಿಯ ಸರದಿ ಮೂರನೆಯದು.

ಬಿಳಿಯದ್ದು ಮೊದಲ ಸಲ ಕೆಟ್ಟಿತು. ತಪ್ಪು ನನ್ನದೇ. ಟೊಮೆಟೊ ಇಲ್ಲ, ಈರುಳ್ಳಿಯೂ ಇಲ್ಲ, ಇಷ್ಟು ಕಡಿಮೆ ಸಾಮಾನಿನಲ್ಲಿ ಏನು ರುಚಿ ಬಂದೀತು ಅಂತ ವಿನೆಗರ್ ಧಾರಾಳವಾಗಿ ಸುರಿದೆ. ಅದೂ ಒಲೆ ಆರಿಸುವ ಹೊತ್ತಿಗೆ. ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದದ್ದೇ ಮೂವರಿಗೂ ಕೆಮ್ಮು. ಬೆಳ್ಳುಳ್ಳಿಯೂ ಸೀದು ಕಹಿಯಾಗಿತ್ತು. ಆ ರಾತ್ರಿ ಮೊಸರನ್ನವೇ ಗತಿ.

ಮುಂದಿನ ವಾರ ಅಜ್ಜಿಯೇ ಕೆಳಗಿಳಿದು ಬಂದು ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಕೋಳಿ ಹುರಿಯುವವರೆಗೂ ಎಲ್ಲ ಮೊದಲಿನಂತೆಯೇ. ಆಮೇಲೆ ಒಂದು ಲೋಟ ಫ್ರಾಸ್ಕಾತಿ, ಅವರ ಕಡೆಯ ಬಿಳಿ ವೈನ್. ಅದು ಅರ್ಧ ಇಂಗಿದ ಮೇಲೆ ಸ್ವಲ್ಪ ಬಿಸಿನೀರು ಹಾಕಿ ಮುಚ್ಚಿ ಅರ್ಧ ಗಂಟೆ. ಅಷ್ಟರಲ್ಲಿ ಕುಟ್ಟಾಣಿಯಲ್ಲಿ ಮೂರು ಎಸಳು ಬೆಳ್ಳುಳ್ಳಿ, ಎರಡು ಕಡ್ಡಿ ರೋಸ್‌ಮೆರಿಯ ಎಲೆ, ಉಪ್ಪಿನಲ್ಲಿ ಹಾಕಿಟ್ಟ ಆಂಚೋವಿ ಮೀನು ಮೂರು, ಎಲ್ಲ ಜಜ್ಜಿ ನಾಲ್ಕು ಚಮಚ ಬಿಳಿ ವಿನೆಗರಿನಲ್ಲಿ ಕಲೆಸಿದ್ದಾಯಿತು. ಕೊನೆಯ ಹದಿನೈದು ನಿಮಿಷ ಇರುವಾಗ ಇದನ್ನು ಹಾಕಿ, ಮುಚ್ಚಳ ತೆಗೆದು, ಒಂದು ಹಿಡಿ ಗಯೇತಾದ ಕರಿ ಆಲಿವ್ ಬೀರಿ ಕುದಿಸಬೇಕು. ಗುಟ್ಟು ಇರುವುದು ಆ ಹದಿನೈದು ನಿಮಿಷದಲ್ಲಿ. ವಿನೆಗರಿನ ಘಾಟು ಹಾರಿಹೋಗಿ ಹುಳಿ ಮಾತ್ರ ಉಳಿಯುತ್ತದೆ. ಬೆಳ್ಳುಳ್ಳಿ ಎಣ್ಣೆಗೆ ನೇರವಾಗಿ ಬೀಳದ್ದರಿಂದ ಸೀಯುವ ಮಾತೇ ಇಲ್ಲ. ಮೀನು ಕರಗಿ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ, ಅದರ ಉಪ್ಪು ಗೊತ್ತಾಗುತ್ತದೆ. ಹಾಗಾಗಿ ಕೋಳಿಗೆ ಮೊದಲು ಹಾಕುವ ಉಪ್ಪು ಅರ್ಧದಷ್ಟು ಸಾಕು.

ಈ ಸಲ ಗ್ರೇವಿ ಅಂತ ಹೇಳುವಷ್ಟು ರಸ ಉಳಿಯಲಿಲ್ಲ. ತುಂಡುಗಳಿಗೆ ಮೆತ್ತಿಕೊಂಡ ಹೊಳೆಯುವ ಕಂದು ಮಸಾಲೆ ಅಷ್ಟೇ. ಹೆಸರಿಗೆ ಬಿಳಿ. ಆದರೆ ಕಡಿದ ಕೂಡಲೇ ಕೋಳಿ ಕೋಳಿಯಂತಿತ್ತು. ನನ್ನ ತವರು ಮಡಿಕೇರಿ. ಅಲ್ಲಿ ಪಂದಿ ಕರಿಗೆ ಕೊನೆಯಲ್ಲಿ ಕಾಚಂಪುಳಿ ಹಾಕಿದಾಗ ಬರುವ ಹುಳಿ ಇದೆಯಲ್ಲ, ಕೊಬ್ಬಿನ ಜಿಡ್ಡನ್ನು ಕತ್ತರಿಸುವಂಥದ್ದು, ಇಲ್ಲೂ ಅದೇ ಕೆಲಸ ನಡೆದಿದೆ. ನಾನು ಈ ಕಡೆ ವಾಲಲು ಅದೂ ಒಂದು ಕಾರಣ ಇರಬಹುದು.

ಅಜ್ಜಿ ಇನ್ನೊಂದು ವಾದವನ್ನೂ ಇಟ್ಟರು. ಟೊಮೆಟೊ ನಿನ್ನೆ ಮೊನ್ನೆ ಬಂದದ್ದು, ನಮ್ಮದೇ ಹಳೆಯದು ಅಂತ. ಟೊಮೆಟೊ ಅಮೆರಿಕ ಖಂಡದಿಂದ ಇಟಲಿಗೆ ಬಂದದ್ದು 16ನೇ ಶತಮಾನದಲ್ಲಿ. ಅದನ್ನು ಸಾಸ್ ಮಾಡುವ ಬಗೆ ನೇಪಲ್ಸಿನಲ್ಲಿ ಪುಸ್ತಕದಲ್ಲಿ ಅಚ್ಚಾಗಿದ್ದು 1690ರ ದಶಕದಲ್ಲಿ. ಮುನ್ನೂರು ವರ್ಷ ದಾಟಿದ್ದನ್ನು ನಿನ್ನೆ ಮೊನ್ನೆ ಅನ್ನಲು ರೋಮ್‌ನವರಿಗೇ ಸಾಧ್ಯ!

ಮೂರನೆಯದು ಬೇಟೆಗಾರರದ್ದಲ್ಲ, ರೋಮ್ ಶೈಲಿಯ ದೊಣ್ಣೆ ಮೆಣಸಿನಕಾಯಿ ಕೋಳಿ. ಆಗಸ್ಟ್ 15ರ ಫೆರಾಗೊಸ್ತೊ ಹಬ್ಬದ ಅಡುಗೆ. ನಮಗೆ ಅವತ್ತು ಸ್ವಾತಂತ್ರ್ಯ ದಿನ, ಇಲ್ಲಿ ಅಂಗಡಿ ಬಾಗಿಲು ಹಾಕಿ ಊರೆಲ್ಲ ಸಮುದ್ರದ ಕಡೆ ಹೋಗುವ ದಿನ. ಕೆಂಪು, ಹಳದಿ ಮೆಣಸಿನಕಾಯಿ ನಾಲ್ಕನ್ನು ಉದ್ದಕ್ಕೆ ಹೆಚ್ಚಿ ಬೇರೆಯಾಗಿ ಬಾಡಿಸಿ, ಟೊಮೆಟೊದಲ್ಲಿ ಬೆಂದ ಕೋಳಿಗೆ ಕೊನೆಯ ಹತ್ತು ನಿಮಿಷದಲ್ಲಿ ಸೇರಿಸುವುದು. ಮೊದಲೇ ಸೇರಿಸಿದರೆ ಕರಗಿ ಮುದ್ದೆಯಾಗುತ್ತದೆ. ಬಿಸಿಬಿಸಿಯಾಗಿ ತಿಂದಾಗ ಸಿಹಿ ಜಾಸ್ತಿ ಅನ್ನಿಸಿ ನನಗೆ ಅಷ್ಟಕ್ಕಷ್ಟೇ. ಮಾರನೇ ದಿನ ಫ್ರಿಜ್ಜಿನಿಂದ ತೆಗೆದು ತಣ್ಣಗೆ ತಿಂದೆ. ಬೇರೆಯದೇ ಅಡುಗೆ! ಸೆಕೆಗಾಲಕ್ಕೆ, ಪ್ರಯಾಣದ ಬುತ್ತಿಗೆ ಇದೇ ಸರಿ.

ಕುಕ್ಕರಿನಲ್ಲೂ ಒಮ್ಮೆ ಕೆಂಪನ್ನು ಮಾಡಿ ನೋಡಿದೆ. ಎರಡು ವಿಶಲ್, ಕೋಳಿ ಬೆಂದಿತು. ಆದರೆ ರಸ ನೀರುನೀರು. ತೆರೆದು ಹತ್ತು ಹನ್ನೆರಡು ನಿಮಿಷ ಇಂಗಿಸಬೇಕಾಯಿತು. ಉಳಿದ ಸಮಯ ಅಲ್ಲಿಗೇ ಖರ್ಚು. ಬಿಳಿಗಂತೂ ಕುಕ್ಕರ್ ಬೇಡವೇ ಬೇಡ.

ಒಂದು ಮಾತು ಮೂರಕ್ಕೂ ಸೇರಿದ್ದು. ಎದೆಯ ತುಂಡನ್ನು ಮುಕ್ಕಾಲು ಗಂಟೆ ಬೇಯಿಸಿದರೆ ಹತ್ತಿ ಅಗಿದಂತಾಗುತ್ತದೆ. ತೊಡೆ, ಕಾಲು ಮಾತ್ರ ಹೊತ್ತು ಕಳೆದಷ್ಟೂ ಮೆತ್ತಗಾಗುತ್ತವೆ. ಇಡೀ ಕೋಳಿ ತಂದರೆ ಎದೆಯನ್ನು ಕೊನೆಯ ಇಪ್ಪತ್ತು ನಿಮಿಷಕ್ಕೆ ಸೇರಿಸಿ. ಇಲ್ಲಿ ರುಸ್ಪಾಂತೆ ಅಂತ ಮಾರುವ, ಹೊರಗೆ ಬಿಟ್ಟು ಸಾಕಿದ ಕೋಳಿಯಾದರೆ ಇನ್ನೊಂದು ಅರ್ಧ ಗಂಟೆ ಜಾಸ್ತಿ ಬೇಕು. ನಮ್ಮ ನಾಟಿ ಕೋಳಿಯ ಥರವೇ ಗಟ್ಟಿ ಮಾಂಸ.

ಈಗ ನಮ್ಮನೆಯಲ್ಲಿ ಜನ ಬಂದರೆ ಕೆಂಪು. ಅನ್ನಕ್ಕೂ ಆಗುತ್ತದೆ, ಬ್ರೆಡ್ಡಿಗೂ ಆಗುತ್ತದೆ, ರಸ ಉಳಿದರೆ ಮಾರನೇ ದಿನ ಪಾಸ್ತಾಕ್ಕೆ ಬೆರೆಸುತ್ತೇನೆ. ನಾವು ಮೂವರೇ ಇದ್ದರೆ ಬಿಳಿ. ಕೆಳಗಿನ ಮನೆಯವರಿಗೆ ಇದನ್ನು ಇನ್ನೂ ಹೇಳಿಲ್ಲ. ಬಿಳಿ ಮಾಡುವ ದಿನ ಮೆಟ್ಟಿಲ ಕಡೆಯ ಕಿಟಕಿ ಮುಚ್ಚಿರುತ್ತೇನೆ.