ಟಾಮೊ, ಪೆರಿ, ಹೆನ್ರಿ: ಭರ್ತಿಗೆ ಹೊರಟ ಹುಡುಗನ ಕೈಗೆ ಯಾವ ಕಾದಂಬರಿ?

ಮೀಸೆ ಮೂಡುವ ವಯಸ್ಸಿನಲ್ಲೇ ಬಂದೂಕು ಹಿಡಿದ ಹುಡುಗರ ಬಗ್ಗೆ ಇಂಗ್ಲಿಷಿನಲ್ಲಿ ಕಾದಂಬರಿಗಳಿಗೆ ಬರವಿಲ್ಲ. ಅವುಗಳಲ್ಲಿ ಮೂರನ್ನು ಬೈಲಹೊಂಗಲ ಕಡೆಯ ಪಿಯು ಹುಡುಗರ ಜೊತೆ ಕೂತು ಓದಿದ್ದೇನೆ. ನಾನು ಇಂಗ್ಲಿಷ್ ಓದುವುದು, ಕನ್ನಡದಲ್ಲಿ ಬಿಡಿಸಿ ಹೇಳುವುದು, ಅವರು ನಡುವೆ ಬಾಯಿ ಹಾಕುವುದು, ಹೀಗೆ. ಅವರಲ್ಲಿ ಹೆಚ್ಚಿನವರು ಮಿಲಿಟರಿ ಭರ್ತಿಗೆ ತಯಾರಾಗುತ್ತಿರುವವರು. ನಸುಕಿನಲ್ಲೆದ್ದು 1600 ಮೀಟರ್ ಓಟ ಮುಗಿಸಿಯೇ ಕಾಲೇಜಿಗೆ ಬರುತ್ತಾರೆ. 17 ವರ್ಷ 6 ತಿಂಗಳು ತುಂಬಿದರೆ ಅಗ್ನಿವೀರರಾಗಲು ಅರ್ಜಿ ಹಾಕಬಹುದು. ಮರಾಠಾ ಲೈಟ್ ಇನ್ಫಂಟ್ರಿಯ ಸೆಂಟರ್ ಬೆಳಗಾವಿಯಲ್ಲೇ ಇದೆ, ಊರೂರಿಗೆ ನಿವೃತ್ತ ಸುಬೇದಾರರಿದ್ದಾರೆ. ಸೈನ್ಯ ಇಲ್ಲಿ ಮನೆಮಾತು. ಹಾಗಾಗಿ ಈ ಮೂರನ್ನೂ ನಾನು ಒಂದೇ ಪ್ರಶ್ನೆ ಹಿಡಿದು ತೂಗಿದೆ: ಈ ಹುಡುಗ ಸೈನ್ಯಕ್ಕೆ ಯಾಕೆ ಸೇರಿದ?

ಮೊದಲು ಸ್ಟೀಫನ್ ಕ್ರೇನ್ ಬರೆದ ‘ದಿ ರೆಡ್ ಬ್ಯಾಡ್ಜ್ ಆಫ್ ಕರೇಜ್’. ಅಮೆರಿಕದ ಅಂತರ್ಯುದ್ಧದ ಕಥೆ, ಪುಸ್ತಕವಾಗಿ ಬಂದದ್ದು 1895ರಲ್ಲಿ. ಆ ಯುದ್ಧ ಮುಗಿದು ಆರು ವರ್ಷವಾದ ಮೇಲೆ ಹುಟ್ಟಿದವನು ಕ್ರೇನ್. ರಣರಂಗವನ್ನು ಕಾಣದೆಯೇ ಬರೆದ. ಕಥಾನಾಯಕ ಹೆನ್ರಿ ಸೈನ್ಯ ಸೇರುವುದು ಕೀರ್ತಿಯ ಕನಸು ಕಟ್ಟಿಕೊಂಡು; ಗುಂಡಿನ ಸುರಿಮಳೆ ಶುರುವಾದಾಗ ಓಡಿಹೋಗುತ್ತಾನೆ. ಆಮೇಲೆ ಗಾಯಾಳುಗಳನ್ನು ಕಂಡು, ತನಗೂ ಒಂದು ಗಾಯ ಆಗಿದ್ದರೆ ಎಂದು ಹೊಟ್ಟೆಕಿಚ್ಚು ಪಡುತ್ತಾನೆ. ಭಯವನ್ನು ಇಷ್ಟು ಒಳಹೊಕ್ಕು ಬರೆದದ್ದು ಇನ್ನೆರಡರಲ್ಲಿಲ್ಲ. ಆದರೆ ಹುಡುಗರಿಗೆ ಅದು ದಕ್ಕಲಿಲ್ಲ. ಪಾತ್ರಗಳಿಗೆ ಹೆಸರಿದ್ದರೂ ಕ್ರೇನ್ ‘ಆ ಯುವಕ’, ‘ಆ ಎತ್ತರದ ಸಿಪಾಯಿ’ ಎಂದೇ ಕರೆಯುತ್ತಾ ಹೋಗುತ್ತಾನೆ, ಮಾತೆಲ್ಲ ಹಳೇ ಹಳ್ಳಿ ಇಂಗ್ಲಿಷ್. ಯಾರು ಯಾರೆಂದು ಹೇಳುವುದರಲ್ಲೇ ನನ್ನ ಗಂಟಲು ಒಣಗುತ್ತಿತ್ತು. ಡಿಗ್ರಿ ಓದುವವರಿಗೆ ಇರಲಿ.

ಮೈಕೆಲ್ ಮಾರ್ಪರ್ಗೊ ಅವರ ‘ಪ್ರೈವೇಟ್ ಪೀಸ್‌ಫುಲ್’ (2003) ಇದಕ್ಕೆ ಪೂರಾ ವಿರುದ್ಧ. ಇಂಗ್ಲೆಂಡಿನ ಡೆವನ್ ಹಳ್ಳಿಯ ಟಾಮೊ ಮೊದಲ ಮಹಾಯುದ್ಧದಲ್ಲಿ ಒಂದು ಇಡೀ ರಾತ್ರಿ ಎಚ್ಚರವಿದ್ದು ತನ್ನ ಬಾಳನ್ನೆಲ್ಲ ನೆನೆಯುತ್ತಾನೆ. ಪ್ರತಿ ಅಧ್ಯಾಯದ ತಲೆಯ ಮೇಲೆ ಗಡಿಯಾರದ ಹೊತ್ತು. ಹತ್ತು ದಾಟಿ ಐದು ನಿಮಿಷ, ಆಮೇಲೆ ಹನ್ನೊಂದರ ಹತ್ತಿರ... ಬೆಳಗಾದರೆ ಏನೋ ಆಗಲಿದೆ ಎಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ನಾನೂ ಇಲ್ಲಿ ಹೇಳುವುದಿಲ್ಲ. ಪಠ್ಯ ಬಿಟ್ಟು ಇನ್ನೊಂದು ಪುಸ್ತಕ ಮುಟ್ಟದ ಹುಡುಗರೂ ಮುಂದಿನ ಅಧ್ಯಾಯಕ್ಕಾಗಿ ನನ್ನನ್ನು ಸ್ಟಾಫ್ ರೂಮಿನವರೆಗೆ ಬೆನ್ನಟ್ಟಿ ಬಂದರು.

ಇದರಲ್ಲಿ ಸೇರುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಸಂತೆಯ ಬೀದಿಯಲ್ಲಿ ಬ್ಯಾಂಡು ಬಾರಿಸುತ್ತ ಸೈನಿಕರು ಬರುತ್ತಾರೆ, ಸಾರ್ಜೆಂಟ್ ಭಾಷಣ ಬಿಗಿಯುತ್ತಾನೆ. ಗುಂಪಿನಲ್ಲಿದ್ದ ಹಲ್ಲಿಲ್ಲದ ಮುದುಕಿಯೊಬ್ಬಳು ಟಾಮೊನನ್ನು ತಿವಿದು ‘ಹೇಡಿ’ ಎನ್ನುತ್ತಾಳೆ. ಅವನಿಗೆ ಹದಿನಾರು ಕೂಡ ತುಂಬಿಲ್ಲ. ಅತ್ತ ಅಣ್ಣ ಚಾರ್ಲಿಗೆ ಜಮೀನ್ದಾರ ಕರ್ನಲ್‌ನ ಬೆದರಿಕೆ: ಸೈನ್ಯಕ್ಕೆ ಸೇರದಿದ್ದರೆ ಮನೆಮಂದಿಯೆಲ್ಲ ಮನೆ ಖಾಲಿ ಮಾಡಬೇಕು. ಅಣ್ಣತಮ್ಮಂದಿರು ಅವಳಿಗಳೆಂದು ಸುಳ್ಳು ಹೇಳಿ ಒಟ್ಟಿಗೆ ಸೇರುತ್ತಾರೆ. ಇಬ್ಬರಲ್ಲಿ ಯಾರಿಗೂ ಜರ್ಮನರ ಮೇಲೆ ಹಗೆಯಿಲ್ಲ. ಆಗಿನ ಬ್ರಿಟಿಷ್ ನಿಯಮದ ಪ್ರಕಾರ ಸೇರಲು 18, ಹೊರದೇಶದ ರಣಕ್ಕೆ 19 ತುಂಬಿರಬೇಕಿತ್ತು. ಭಾರತದ ನಿಯಮವೇನೆಂದು ಹುಡುಗರು ಕೇಳಿದರು. 18 ತುಂಬುವವರೆಗೆ ಸೈನಿಕನನ್ನು ಕಾರ್ಯಾಚರಣೆಯ ಜಾಗಕ್ಕೆ ಕಳಿಸುವುದಿಲ್ಲವೆಂದು ಭಾರತ 2005ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಪೂರಕ ಒಪ್ಪಂದಕ್ಕೆ ಸೇರುವಾಗ ಹೇಳಿದೆ ಎಂದೆ. ಹೇಡಿತನ, ಆಜ್ಞೆ ಮೀರಿದ್ದು, ಕಾವಲಿನಲ್ಲಿ ನಿದ್ದೆ ಇಂಥ ಆರೋಪದ ಮೇಲೆ ತನ್ನವರ ಗುಂಡಿಗೇ ಬಲಿಯಾದ 306 ಸೈನಿಕರಿಗೆ ಬ್ರಿಟನ್ 2006ರಲ್ಲಿ ಮರಣೋತ್ತರ ಕ್ಷಮೆ ನೀಡಿತು. ಕಾದಂಬರಿಯ ಬೆನ್ನಿಗೆ ನಿಂತಿರುವುದು ಈ ಸತ್ಯ. ಇದನ್ನು ಕೊನೆಯ ಪುಟ ಮುಗಿದ ಮೇಲೆಯೇ ಹುಡುಗರಿಗೆ ಹೇಳಬೇಕು.

ಇಷ್ಟಾದರೂ ನನ್ನ ಮೊದಲ ಮತ ವಾಲ್ಟರ್ ಡೀನ್ ಮೈಯರ್ಸ್ ಅವರ ‘ಫಾಲನ್ ಏಂಜಲ್ಸ್’ (1988) ಕಡೆಗೆ. ಮೈಯರ್ಸ್ ತಾವೇ 17ಕ್ಕೆ ಸೈನ್ಯ ಸೇರಿದವರು. ಅವರ ತಮ್ಮ 1968ರಲ್ಲಿ ವಿಯೆಟ್ನಾಂನಲ್ಲಿ ಸತ್ತ. ಕಥೆಯ ರಿಚಿ ಪೆರಿ ನ್ಯೂಯಾರ್ಕಿನ ಹಾರ್ಲೆಂನ ಕಪ್ಪು ಹುಡುಗ, ಹದಿನೇಳು ವರ್ಷ. ಜಾಣ, ಬರೆಯುವ ಆಸೆಯಿದೆ, ಕಾಲೇಜಿಗೆ ದುಡ್ಡಿಲ್ಲ. ಸಂಬಳ ಬಂದರೆ ತಮ್ಮ ಕೆನ್ನಿ ಶಾಲೆಗೆ ನೆಟ್ಟಗೆ ಬಟ್ಟೆ ಹಾಕಿಕೊಂಡು ಹೋಗಬಹುದು ಎಂಬ ಲೆಕ್ಕ. ಇಷ್ಟು ಓದುತ್ತಿದ್ದಂತೆ ಹಿಂದಿನ ಬೆಂಚಿನಿಂದ ಒಬ್ಬ, “ಸರ, ನಂದೂ ಇಷ್ಟ ಐತ್ರೀ. ತಂಗಿ ನರ್ಸಿಂಗ್ ಮಾಡಬೇಕಂತಾಳ” ಅಂದ. ಯಾರೂ ನಗಲಿಲ್ಲ. ದೇಶಪ್ರೇಮದ ಭಾಷಣ ಇವರಿಗೆ ಎಲ್ಲ ಕಡೆ ಸಿಗುತ್ತದೆ. ಮನೆಯ ಕಷ್ಟಕ್ಕೆ ಹೆಗಲು ಕೊಡಲು ಸೇರುವ ಹುಡುಗನನ್ನು ಮರ್ಯಾದೆಯಿಂದ ಕಂಡ ಪುಸ್ತಕ ಅವರಿಗೆ ಸಿಕ್ಕಿದ್ದು ಇದೊಂದೇ.

ಪೆರಿಗೆ ಬಾಸ್ಕೆಟ್‌ಬಾಲ್ ಆಡಿ ಮೊಣಕಾಲು ಕೆಟ್ಟಿದೆ. ಅವನು ಯುದ್ಧಕ್ಕೆ ತಕ್ಕವನಲ್ಲ ಎಂಬ ಕಾಗದ ಹೊತ್ತಿಗೆ ಸರಿಯಾಗಿ ತಲುಪದೆ ಅವನು ವಿಯೆಟ್ನಾಂಗೆ ಬಂದಿಳಿಯುತ್ತಾನೆ. ಮೆಡಿಕಲ್ ಅಂದರೇನೆಂದು ಬಲ್ಲ ನಮ್ಮ ಹುಡುಗರು ಇಲ್ಲಿ ಕಿವಿ ನಿಮಿರಿಸಿದರು. ಗಸ್ತು ಮುಗಿಸಿ ಮರಳುವಾಗ ಜೊತೆಯ ಜೆಂಕಿನ್ಸ್ ನೆಲಬಾಂಬಿನ ಮೇಲೆ ಕಾಲಿಟ್ಟು ಸಾಯುತ್ತಾನೆ, ಇನ್ನೂ ಸರಿಯಾಗಿ ಪರಿಚಯವೇ ಆಗದ ಹುಡುಗ. ಮುಂದೆ ಎಲ್ಲರೂ ಮೆಚ್ಚಿದ ಲೆಫ್ಟಿನೆಂಟ್ ಕ್ಯಾರೊಲ್ ಸತ್ತಾಗ ಅವರ ಹೆಂಡತಿಗೆ ಪತ್ರ ಬರೆಯುವ ಕೆಲಸ ಪೆರಿಯ ಪಾಲಿಗೆ ಬರುತ್ತದೆ. ಬರೆಯುವ ಆಸೆ ಹೊತ್ತ ಹುಡುಗನಿಗೆ ಸಿಕ್ಕ ಬರವಣಿಗೆ ಅದು! ತನ್ನ ಅವ್ವನಿಗೆ, ತಮ್ಮನಿಗೆ ನಿಜ ಬರೆಯಲು ಅವನಿಂದಾಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಪುಸ್ತಕದ ಜೀವ ಇರುವುದು ಈ ಪತ್ರಗಳಲ್ಲಿ. ಗುಂಡಿನ ಚಕಮಕಿಯ ಪುಟಗಳನ್ನು ಬೇಕಾದರೆ ಬೇಗ ದಾಟಬಹುದು, ಪತ್ರದ ಪುಟಗಳನ್ನು ನಿಧಾನಕ್ಕೆ ಓದಬೇಕು.

ತೊಡಕು ಒಂದಿದೆ. ಬೈಗುಳ ಧಾರಾಳ, ಹೆಣಗಳ ವರ್ಣನೆಗೆ ಮುಚ್ಚುಮರೆಯಿಲ್ಲ. ಹೈಸ್ಕೂಲಿನವರಿಗೆ ಕೊಡಬೇಡಿ, ಅವರಿಗೆ ಟಾಮೊ ಸಾಕು. ಓದಿನ ರೂಢಿ ಇಲ್ಲದವನಿಗೂ ಟಾಮೊನೇ ಮೊದಲು. ಲಿಖಿತ ಪರೀಕ್ಷೆ ಪಾಸಾಗಿ ಫಿಜಿಕಲ್‌ಗೆ ಕಾಯುತ್ತಿರುವವನಿಗಾದರೆ ಯೋಚನೆ ಮಾಡದೆ ಪೆರಿಯನ್ನು ಕೊಡಿ.

“ನಮ್ಮ ಮಂದಿ ಕಥಿ ಇಲ್ಲೇನ್ರೀ ಸರ?” ಎಂದು ಕೇಳಿದ್ದರಿಂದ ಈಗ ಮುಲ್ಕ್ ರಾಜ್ ಆನಂದರ ‘ಅಕ್ರಾಸ್ ದಿ ಬ್ಲ್ಯಾಕ್ ವಾಟರ್ಸ್’ ಹಿಡಿದಿದ್ದೇವೆ. 1914ರಲ್ಲಿ ಫ್ರಾನ್ಸಿಗೆ ಹೋದ ಪಂಜಾಬಿ ರೈತನ ಮಗ ಲಾಲುವಿನ ಕಥೆ. ಮನೆಯವರು ಕಳೆದುಕೊಂಡ ಹೊಲ ಇನಾಮಾಗಿ ಮರಳಿ ಸಿಕ್ಕೀತೆಂಬ ಆಸೆ ಅವನದು. ಹೊಲದ ಮಾತು ಬಂದ ಕೂಡಲೇ ಹುಡುಗರಿಗೆ ವಿವರಣೆ ಬೇಕಾಗಲಿಲ್ಲ. ಕಥೆಯ ಓಟ ಮಾತ್ರ ನಿಧಾನದ್ದು. ಪೆರಿಯ ಪಕ್ಕ ಇದನ್ನು ಇಟ್ಟು ನೋಡುವುದು ಪೂರ್ತಿ ಓದಿದ ಮೇಲೆ.