ಹಾಸನದ ಲ್ಯಾಬ್‌ನಲ್ಲಿ ಎನ್‌ಎಸ್‌ಇ ಪರೀಕ್ಷೆ: ಐದಕ್ಕೆ ನಾಲ್ಕು

ನಮ್ಮ ದೊಡ್ಡಪ್ಪನಿಗೆ ಸಂತೆಪೇಟೆಯಲ್ಲಿ ಹೃದಯ ನಿಂತುಹೋಗಿತ್ತು. ಅಲ್ಲಿದ್ದವರು ಎದೆ ಒತ್ತಿದರು, ಆಸ್ಪತ್ರೆಯಲ್ಲಿ ಶಾಕ್ ಕೊಟ್ಟರು, ಬಡಿತ ಮರಳಿತು. ಎಚ್ಚರ ಮಾತ್ರ ಬರಲಿಲ್ಲ. ಆಗ ಐಸಿಯು ಡಾಕ್ಟರ್ ಬರೆದುಕೊಟ್ಟ ರಕ್ತ ಪರೀಕ್ಷೆಯೇ ಈ ಎನ್‌ಎಸ್‌ಇ. ಹೊಸ ಬಸ್ ಸ್ಟ್ಯಾಂಡ್ ಕಡೆಯ ಒಂದು ಲ್ಯಾಬ್‌ನಲ್ಲಿ ಮಾಡಿಸಿದೆವು. ದೂರುಗಳೂ ಇರುವುದರಿಂದ ಹೆಸರು ಹಾಕುವುದಿಲ್ಲ.

ಎನ್‌ಎಸ್‌ಇ ಅಂದರೆ ನ್ಯೂರಾನ್ ಸ್ಪೆಸಿಫಿಕ್ ಇನೋಲೇಸ್. ಮಿದುಳಿನ ನರಕೋಶಗಳ ಒಳಗಿರುವ ಒಂದು ಕಿಣ್ವ. ರಕ್ತ ಹೋಗದೆ ಕೋಶ ಸತ್ತರೆ ಅದು ರಕ್ತಕ್ಕೆ ಸೋರುತ್ತದೆ. ಜಾಸ್ತಿ ಸೋರಿದ್ದರೆ ಜಾಸ್ತಿ ಪೆಟ್ಟು ಬಿದ್ದಿದೆ ಅಂತ ಲೆಕ್ಕ.

ಲ್ಯಾಬ್‌ನವರನ್ನು ನಾನು ಮೆಚ್ಚಿದ್ದು ಇಲ್ಲೇ. ರಕ್ತ ತೆಗೆದ ಹುಡುಗನೇ ಸಂಜೆ ಫೋನ್ ಮಾಡಿದ. "ಅಕ್ಕಾ, ಸೀರಮ್ ಕೆಂಪಾಗಿದೆ, ಇದನ್ನ ಬೆಂಗಳೂರಿಗೆ ಕಳಿಸಿದ್ರೆ ತಪ್ಪು ನಂಬರ್ ಬರುತ್ತೆ, ಇನ್ನೊಂದ್ಸಲ ತೆಗೀತೀನಿ" ಅಂದ. ಸೀರಮ್ ಅಂದರೆ ರಕ್ತಕಣ ಬೇರೆ ಮಾಡಿದ ಮೇಲೆ ಉಳಿಯುವ ತಿಳಿ ದ್ರವ, ಅದು ಕೆಂಪಾಗಿದ್ದರೆ ಕಣ ಒಡೆದಿದೆ ಅಂತ. ಈ ಕಿಣ್ವ ಕೆಂಪು ರಕ್ತಕಣದಲ್ಲೂ ಇದೆ, ಪ್ಲೇಟ್‌ಲೆಟ್‌ನಲ್ಲೂ ಇದೆ. ತೆಗೆಯುವಾಗಲೋ ಸಾಗಿಸುವಾಗಲೋ ಕಣ ಒಡೆದರೆ ಮಿದುಳಿಗೆ ಏನೂ ಆಗದಿದ್ದರೂ ನಂಬರ್ ಏರುತ್ತದೆ. ಆ ಹುಡುಗ ಸುಮ್ನೆ ಕಳಿಸಿಬಿಟ್ಟಿದ್ದರೆ ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಅವನೇ ಐಸಿಯುಗೆ ಬಂದು ಮತ್ತೆ ತೆಗೆದ, ದುಡ್ಡು ಕೇಳಲಿಲ್ಲ. ಸೀರಮ್ ಬೇರೆ ಮಾಡಿ ಐಸ್ ಪ್ಯಾಕ್‌ನಲ್ಲಿಟ್ಟೇ ಕಳಿಸಿದರು.

ಈಗ ದೂರು. ರಿಪೋರ್ಟ್ ಮೊಬೈಲ್‌ಗೆ ಬಂತು, ಮೇಲೆ ದೊಡ್ಡದಾಗಿ 'ಟ್ಯೂಮರ್ ಮಾರ್ಕರ್' ಅಂತಿತ್ತು. ದೊಡ್ಡಮ್ಮ ಕ್ಯಾನ್ಸರ್ ಅಂದುಕೊಂಡು ಕಾರಿಡಾರ್‌ನಲ್ಲೇ ಕುಸಿದರು. ಕೆಲವು ಬಗೆಯ ಶ್ವಾಸಕೋಶದ ಕ್ಯಾನ್ಸರ್‌ನಲ್ಲೂ ಇದೇ ಪರೀಕ್ಷೆ ಮಾಡುತ್ತಾರಂತೆ, ಅದಕ್ಕೇ ಆ ತಲೆಬರಹ. ಹೃದಯ ನಿಂತವರ ಮನೆಯವರಿಗೆ ಹೀಗೆ ಕಳಿಸಬಾರದು. ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದರೆ ಎಷ್ಟು ಉಪಕಾರ! ರಕ್ತ ಎಷ್ಟು ಗಂಟೆಗೆ ತೆಗೆದದ್ದು ಅಂತಲೂ ಅದರಲ್ಲಿ ಇರಲಿಲ್ಲ. ಈ ಪರೀಕ್ಷೆಗೆ ಗಂಟೆಯೇ ಮುಖ್ಯ ಅಲ್ವಾ? ಹೃದಯ ನಿಂತ 48 ಗಂಟೆಗೆ ಎಷ್ಟಿತ್ತು, 72 ಗಂಟೆಗೆ ಎಷ್ಟಾಯಿತು, ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಡಾಕ್ಟರ್ ನೋಡುತ್ತಾರೆ.

ದೊಡ್ಡಪ್ಪನ 48 ಗಂಟೆಯ ನಂಬರ್ 28. ಅಣ್ಣ ತಕ್ಷಣ ಕೇಳಿದ, "ಸರ್, ಇದು ಒಳ್ಳೇದಾ ಕೆಟ್ಟದ್ದಾ?" ಡಾಕ್ಟರ್ ಕೂರಿಸಿ ಹೇಳಿದರು. 2021ರ ಯುರೋಪಿನ ಮಾರ್ಗಸೂಚಿ ಪ್ರಕಾರ ಲೀಟರಿಗೆ 60 ಮೈಕ್ರೋಗ್ರಾಂ ದಾಟಿದರೆ ಕೆಟ್ಟ ಸೂಚನೆ. ಆದರೆ ಅದೊಂದನ್ನೇ ನಂಬಿ ಯಾರೂ ಆಸೆ ಬಿಡಬಾರದು. 72 ಗಂಟೆ ಕಳೆದ ಮೇಲೂ ಎಚ್ಚರವಿಲ್ಲದಿದ್ದರೆ, ಕಣ್ಣಿನ ಪಾಪೆ ಬೆಳಕಿಗೆ ಕಿರಿದಾಗುತ್ತಾ, ಮಿದುಳಿನ ವಿದ್ಯುತ್ ಅಲೆ ತೋರಿಸುವ ಇಇಜಿ ಹೇಗಿದೆ, ಸ್ಕ್ಯಾನ್‌ನಲ್ಲಿ ಮಿದುಳು ಊದಿದೆಯಾ, ಹೀಗೆ ಕನಿಷ್ಠ ಎರಡು ಕೆಟ್ಟ ಗುರುತು ಒಟ್ಟಿಗೆ ಸಿಗಬೇಕು. ನಿದ್ದೆ ಮದ್ದು ಇಳಿದಿದೆಯಾ ಅಂತಲೂ ನೋಡಬೇಕು. 28 ಅಂದರೆ ಕಾಯಬೇಕು ಅಂತಲೇ ಅರ್ಥ, ಎದ್ದೇ ಏಳುತ್ತಾರೆ ಅಂತ ಅಲ್ಲ. ಕಾದೆವು. 72 ಗಂಟೆಯದ್ದು ಇನ್ನೂ ಕೆಳಗಿತ್ತು. ದೊಡ್ಡಪ್ಪ ಆಮೇಲೆ ಕಣ್ಣು ಬಿಟ್ಟರು. ಈಗ ನಡೆಯುತ್ತಾರೆ, ಹೊಸ ವಿಷಯ ಮಾತ್ರ ನೆನಪಿನಲ್ಲಿ ನಿಲ್ಲುವುದಿಲ್ಲ.

ನ್ಯೂರೋಫಿಲಮೆಂಟ್ ಲೈಟ್ ಅಂತ, ನರಕೋಶದ ಬೇರೊಂದು ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಇನ್ನೊಂದು ಪರೀಕ್ಷೆಯೂ ಇದೆ. ಹೃದಯ ನಿಂತು ಮರಳಿದವರ ಮೈ ತಾಪ ಹಿಡಿತದಲ್ಲಿಟ್ಟು ನೋಡಿದ ಟಿಟಿಎಂ ಎಂಬ ದೊಡ್ಡ ಅಧ್ಯಯನದ ರೋಗಿಗಳ ರಕ್ತ ನೋಡಿದಾಗ ಅದು ಎನ್‌ಎಸ್‌ಇಗಿಂತ ಚೆನ್ನಾಗಿ ಮುನ್ಸೂಚನೆ ಕೊಟ್ಟಿತ್ತು. ಕೌಂಟರ್‌ನಲ್ಲಿ ಕೇಳಿದೆ, ನಮ್ಮಲ್ಲಿ ಇಲ್ಲ ಅಂದರು.

ಆ ಫೋನ್ ಕರೆಗಾಗಿಯೇ ನಾಲ್ಕು ಕೊಟ್ಟಿದ್ದೇನೆ. ಎರಡೂ ಸ್ಯಾಂಪಲ್ ಒಂದೇ ಲ್ಯಾಬ್‌ಗೆ ಕೊಡಿ, ಮೆಷಿನ್ ಬದಲಾದರೆ ನಂಬರೂ ಬದಲಾಗುತ್ತದೆ. ಇನ್ನೊಂದು, ಇವರ ಬೆಂಗಳೂರು ಗಾಡಿ ಭಾನುವಾರ ಹೊರಡುವುದಿಲ್ಲ. ನಿಮ್ಮ 48 ಗಂಟೆ ಭಾನುವಾರವೇ ಬಿದ್ದರೆ ಸೋಮವಾರ ತೆಗೆಯೋಣ ಅನ್ನಬಹುದು, ಒಪ್ಪಬೇಡಿ. ಸರಿಯಾದ ಗಂಟೆಗೆ ತೆಗೆಸಿ, ಸೀರಮ್ ಬೇರೆ ಮಾಡಿ ಫ್ರೀಜರ್‌ನಲ್ಲಿ ಇಡಲು ಹೇಳಿ, ತೆಗೆದ ಸಮಯವನ್ನು ಟ್ಯೂಬ್ ಮೇಲೆ ನಿಮ್ಮೆದುರೇ ಬರೆಸಿ.