ಅಲ್ಪ್ರಜೋಲಮ್, ಕ್ಲೋನಜಿಪಮ್, ಒಂದು ನೋಟ್‌ಬುಕ್: ನನ್ನ ನಿದ್ದೆಗೆ ಯಾವುದು ಒಗ್ಗಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೋಟ್‌ಬುಕ್ಕಿಗೆ, ಅಂದರೆ ನಿದ್ದೆಯ ಹೊತ್ತು ಬರೆದಿಟ್ಟು ಮಾಡುವ ಚಿಕಿತ್ಸೆಗೆ. ಮಾತ್ರೆ ಎರಡನ್ನೂ ಡಾಕ್ಟರು ಬರೆದುಕೊಟ್ಟೇ ತಗೊಂಡೆ. ಎರಡೂ ಆತಂಕಕ್ಕೆ ಕೊಡುವಂಥವು. ಮಂಪರು ತರುತ್ತವೆ ಅಂತ ನಿದ್ದೆಗೂ ಬರೆಯುತ್ತಾರೆ.

ಅಲ್ಪ್ರಜೋಲಮ್‌ನಿಂದ ನಿದ್ದೆ ಬೇಗ ಹತ್ತುತ್ತಿತ್ತು, ಎರಡು ಮಾತಿಲ್ಲ. ಆದರೆ ಬೆಳಗಿನ ಜಾವ ಎಚ್ಚರವಾಗುವುದು ನಿಲ್ಲಲಿಲ್ಲ. ಡಾಕ್ಟರು ಕ್ಲೋನಜಿಪಮ್‌ಗೆ ಬದಲಾಯಿಸಿದರು. ಮೊದಲನೆಯದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ ಸಾಕು, ಇದಕ್ಕೆ 30ರಿಂದ 40 ಗಂಟೆ ಬೇಕು. ನಿನ್ನೆಯದು ಇಳಿಯುವ ಮೊದಲೇ ಇವತ್ತಿನದು ಒಳಗೆ! ರಾತ್ರಿ ಸೊಗಸಾಗಿತ್ತು. ಬೆಳಗ್ಗೆ ಹತ್ತಾದರೂ ತಲೆ ಭಾರ. ಸ್ಕೂಟರ್ ಬಿಟ್ಟು ಬಸ್ಸು ಹಿಡಿಯಬೇಕಾಯಿತು.

ಬೆಲೆ ಎರಡಕ್ಕೂ ಕಡಿಮೆ. ಅಲ್ಪ್ರಜೋಲಮ್ 2014ರಿಂದ ಶೆಡ್ಯೂಲ್ ಎಚ್1 ಅನ್ನುವ ಬಿಗಿ ನಿಯಮದ ಔಷಧಿಗಳ ಪಟ್ಟಿಯಲ್ಲಿದೆ, ಮೆಡಿಕಲ್‌ನವರು ಹೆಸರು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಬರೆದುಕೊಳ್ಳಲಿ ಬಿಡಿ.

ನಿಜವಾದ ತಲೆನೋವು ಬಿಡುವಾಗ. ದಿಢೀರನೆ ನಿಲ್ಲಿಸಿದರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ಕೆಲವರಿಗೆ ಫಿಟ್ಸೂ ಬರಬಹುದು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಇವೆರಡೂ ಸೇರಿದ ಬೆಂಜೊಡಯಜೆಪಿನ್ ಗುಂಪಿನ ಔಷಧಿಗಳ ಮೇಲೆಲ್ಲ ಈ ಎಚ್ಚರಿಕೆ ಹಾಕಿಸಿತು. ಹಾಗಾಗಿ ಡಾಕ್ಟರು ಅರ್ಧ, ಆಮೇಲೆ ಕಾಲು ಅಂತ ಬರೆದರು.

ಬರೆಯೋದು ಸುಲಭ. ನನ್ನದು ಬಾಯಲ್ಲಿ ಕರಗುವ ಮಾತ್ರೆ, ಕಿರುಬೆರಳ ಉಗುರಿಗಿಂತ ಸಣ್ಣದು, ನಡುವೆ ಗೀಟೂ ಇಲ್ಲ. ಚಾಕು ಇಟ್ಟರೆ ಒಂದು ಚೂರು ಸ್ಟವ್ ಕೆಳಗೆ, ಇನ್ನೊಂದು ಪುಡಿಪುಡಿ. ಮಾತ್ರೆ ಕತ್ತರಿಸುವ ಡಬ್ಬಿ ತಂದೆ. ಅದರಲ್ಲೂ ಒಂದು ಹೋಳು ದೊಡ್ಡದು, ಒಂದು ಸಣ್ಣದು.

ಸಣ್ಣ ಹೋಳಿನ ದಿನ ಫ್ಯಾನು ನೋಡುತ್ತಾ ಮಲಗಿರುತ್ತಿದ್ದೆ. ಔಷಧಿ ಮೈಯಲ್ಲಿ ದಿನಗಟ್ಟಲೆ ಇರುತ್ತದೆ, ಅಷ್ಟು ವ್ಯತ್ಯಾಸ ಆಗಲ್ಲ ಅಂದರು ಡಾಕ್ಟರು. ಕ್ಲಿನಿಕ್ಕಿನಲ್ಲಿ ಅರ್ಥವಾಯಿತು, ರಾತ್ರಿ ಒಂದು ಗಂಟೆಗೆ ಅರ್ಥವಾಗಲಿಲ್ಲ. ಕೊನೆಗೆ ಗೀಟಿರುವ ಸಾದಾ ಮಾತ್ರೆ ಬರೆಸಿಕೊಂಡೆ.

ಇನ್ನು ನೋಟ್‌ಬುಕ್. ಸಿಬಿಟಿ-ಐ ಅನ್ನುವ ಚಿಕಿತ್ಸೆ ಇದು, ಮಾತ್ರೆ ಇಲ್ಲದೆ ನಿದ್ದೆಯ ಅಭ್ಯಾಸ, ಯೋಚನೆ ತಿದ್ದುವಂಥದ್ದು. ಬಹುದಿನದ ನಿದ್ರಾಹೀನತೆಗೆ ಮೊದಲು ಇದನ್ನೇ ಕೊಡಿ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ. ಮಲಗಿದ್ದು, ಎದ್ದದ್ದು ದಿನಾ ಬರೆಯಬೇಕು. ನಿಜವಾಗಿ ನಿದ್ದೆ ಬರುವಷ್ಟು ಹೊತ್ತು ಮಾತ್ರ ಹಾಸಿಗೆ. ನನಗೆ ರಾತ್ರಿ 12ರಿಂದ ಬೆಳಗ್ಗೆ 6 ಅಂತ ಕೊಟ್ಟರು. ನಿದ್ದೆ ಹತ್ತದಿದ್ದರೆ ಎದ್ದು ನಡುಮನೆಯಲ್ಲಿ ಕೂರಬೇಕು. ಶುರುವಿನಲ್ಲಿ ಸಾಕಪ್ಪಾ ಸಾಕು ಅನಿಸಿತು. ಹತ್ತಕ್ಕೇ ತೂಕಡಿಕೆ, ಮನೆಯವರೆಲ್ಲ ಮಲಗಿದ ಮೇಲೆ ಬಟ್ಟೆ ಮಡಚುತ್ತಾ ಕೂತಿರುತ್ತಿದ್ದೆ. ಆಮೇಲೆ ನಿದ್ದೆ ತಾನಾಗಿ ಗಟ್ಟಿಯಾಯಿತು, ಹೊತ್ತೂ ಹೆಚ್ಚಿಸಿದರು. ಫಿಟ್ಸ್ ಇರುವವರು, ಬೈಪೋಲಾರ್ ಅನ್ನುವ ಮನಸ್ಸಿನ ಏರಿಳಿತದ ಕಾಯಿಲೆ ಇರುವವರು ಇದನ್ನು ಸುಮ್ನೆ ತಾವಾಗಿ ಮಾಡಬಾರದು.

ಸಿಟ್ಟಿಂಗ್ ಫೀಸು ಮಾತ್ರೆಗಿಂತ ಬಹಳ ಜಾಸ್ತಿ. ಆದರೂ ಅದು ಮುಗಿಯುವ ಖರ್ಚು ಅಲ್ವಾ? ಹಾಲಿನ ಲೆಕ್ಕವನ್ನೂ ಬರೆದಿಡುವ ನನಗೆ ಈ ದಾರಿ ಹೊಂದಿತು. ಶಿಫ್ಟ್ ಕೆಲಸದ ತಮ್ಮನಿಗೆ ಆಗಲಿಲ್ಲ. ಎಪ್ಪತ್ತು ದಾಟಿದ ಅಮ್ಮ ಮಾತ್ರ ಉಳಿದ ಮಾತ್ರೆ ಕೊಡು ಅಂದರು. ಕೊಡಲಿಲ್ಲ. ಆ ವಯಸ್ಸಿನಲ್ಲಿ ಇದನ್ನು ನುಂಗಿ ರಾತ್ರಿ ಬಚ್ಚಲಿಗೆ ಎದ್ದರೆ ಬೀಳುವ ಅಪಾಯ ಜಾಸ್ತಿ. ಮುಂದಿನ ವಾರ ಅವರನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.